ಆರ್-134ಎ ಟೇಬಲ್‌ನ ಆ ನಾಲ್ಕು ಅಂಕಿಗಳು ಎಲ್ಲಿಂದ ಬಂದವು?

ಪ್ರಶ್ನೆ: ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಲೇಜಿನ ಲ್ಯಾಬ್‌ನಲ್ಲಿ, ಫ್ರಿಜ್ ಮತ್ತು ಏಸಿಯಲ್ಲಿ ತಂಪು ಮಾಡಲು ಬಳಸುವ ಆರ್-134ಎ ಗ್ಯಾಸ್‌ನ ಸಿಲಿಂಡರ್‌ಗೆ ಗೇಜ್ ಹಾಕಿ ನೋಡಿದೆವು. ಗೋಡೆಯ ಥರ್ಮಾಮೀಟರ್‌ನಲ್ಲಿ 25 ಡಿಗ್ರಿ ಇತ್ತು, ಗೇಜ್‌ನಲ್ಲಿ 5.8 ಬಾರ್. ವಾತಾವರಣದ 1.013 ಕೂಡಿಸಿದರೆ 6.81 ಬಾರ್ ಆಗುತ್ತದೆ. ಈ ಗ್ಯಾಸ್‌ನ ಗುಣಗಳನ್ನು ಕೊಡುವ ಟೇಬಲ್‌ನಲ್ಲಿ 25 ಡಿಗ್ರಿಗೆ 6.654 ಅಂತ ಇದೆ. ತಪ್ಪು ಯಾರದು? ಇನ್ನೊಂದು, ಎಂಥಾಲ್ಪಿ (ಒಳಗಿನ ಶಕ್ತಿಗೆ ಒತ್ತಡ ಮತ್ತು ಗಾತ್ರದ ಗುಣಲಬ್ಧ ಕೂಡಿಸಿದ ಮೊತ್ತ) ಅಳೆಯುವ ಮೀಟರೇ ಇಲ್ಲ ಅಂತಾರೆ. ಹಾಗಿದ್ದರೆ ಟೇಬಲ್‌ನಲ್ಲಿ ಅದು ಅಷ್ಟು ಕರಾರುವಾಕ್ಕಾಗಿ ಹೇಗೆ ಬಂತು? ಇಂಥ ಅಳತೆಯನ್ನು ನಮ್ಮ ಲ್ಯಾಬ್‌ನಲ್ಲೇ ಮಾಡಬಹುದಾ?

ಉತ್ತರ: ಮೊದಲು ನಿಮ್ಮ 6.81ರ ಲೆಕ್ಕ ಮುಗಿಸೋಣ.

ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಒತ್ತಡ ಜಾಸ್ತಿ ಇದೆ ಅನ್ನುವುದನ್ನು. ಹಾಗಾಗಿ ವಾತಾವರಣದ ಒತ್ತಡ ಕೂಡಿಸಿದ್ದು ಸರಿ. ಆದರೆ ನೀವು ಕೂಡಿಸಿದ್ದು ಯಾವ ಊರಿನದು? 1.013 ಬಾರ್ ಸಮುದ್ರಮಟ್ಟದ ಅಂಕಿ. ಮಂಗಳೂರಿನಲ್ಲೋ ಕಾರವಾರದಲ್ಲೋ ಆಗಿದ್ದರೆ ನಡೆಯುತ್ತಿತ್ತು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಹೆಚ್ಚುಕಮ್ಮಿ 0.91 ಬಾರ್ ಅಷ್ಟೇ. ಅದನ್ನು ಕೂಡಿಸಿ, 6.71 ಆಗುತ್ತದೆ. ನಿಮ್ಮ ವ್ಯತ್ಯಾಸದಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲಿಗೇ ಹೋಯಿತು.

ಇಲ್ಲೊಂದು ಎಚ್ಚರಿಕೆ. ಮೊಬೈಲ್‌ನ ಹವಾಮಾನ ಆ್ಯಪ್ ನೋಡಿ "ಬೆಂಗಳೂರಲ್ಲೂ 1013 ತೋರಿಸ್ತಿದೆಯಲ್ಲ" ಅನ್ನಬೇಡಿ. ಹವಾಮಾನದವರು ಬೇರೆಬೇರೆ ಊರುಗಳನ್ನು ಹೋಲಿಸಬೇಕಾಗುತ್ತದೆ. ಅದಕ್ಕಾಗಿ ಎಲ್ಲ ಊರಿನ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ನಿಮಗೆ ಬೇಕಾದದ್ದು ನಿಮ್ಮ ಮೇಜಿನ ಮೇಲೆ ಈಗ ಇರುವ ಒತ್ತಡ. ಒಳಗೇ ಬ್ಯಾರೋಮೀಟರ್ ಸೆನ್ಸರ್ ಇರುವ ಫೋನ್ ಆದರೆ ಅದರ ನೇರ ರೀಡಿಂಗ್ ಇದಕ್ಕೆ ಸಾಕು.

ಉಳಿದದ್ದು ಸುಮಾರು 0.06 ಬಾರ್. ಟೇಬಲ್ ನೋಡಿ: 20 ಡಿಗ್ರಿಯಲ್ಲಿ 5.717 ಬಾರ್, 30 ಡಿಗ್ರಿಯಲ್ಲಿ 7.702 ಬಾರ್. ಅಂದರೆ ಒಂದು ಡಿಗ್ರಿಗೆ ಸುಮಾರು 0.2 ಬಾರ್. 0.06 ಬಾರ್ ಅಂದರೆ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಥರ್ಮಾಮೀಟರ್ ಗೋಡೆಯ ಮೇಲಿದೆ, ಸಿಲಿಂಡರ್ ನೆಲದ ಮೇಲಿದೆ. ಅದು ಬೆಳಿಗ್ಗೆ ಸ್ಟೋರ್‌ನಿಂದ ಬಂದಿದ್ದರೆ ಮಧ್ಯಾಹ್ನದವರೆಗೂ ಅದರ ಬಿಸಿಯೇ ಬೇರೆ, ಕೋಣೆಯ ಬಿಸಿಯೇ ಬೇರೆ. ಇನ್ನು ಗೇಜ್. ಸಾಮಾನ್ಯ 0–16 ಬಾರ್ ಗೇಜ್, ಕ್ಲಾಸ್ 1.6 ಅಂತಿಟ್ಟುಕೊಳ್ಳಿ. ಪೂರ್ತಿ ಸ್ಕೇಲ್‌ನ ಶೇ. 1.6 ಅಂದರೆ ಕಾಲು ಬಾರ್ ಅತ್ತಿತ್ತ ಆದರೂ ಅದು ಒಳ್ಳೆಯ ಗೇಜೇ. ಹಾಗಾಗಿ ನಿಮ್ಮ ರೀಡಿಂಗ್ ತಪ್ಪಲ್ಲ, ಟೇಬಲ್ಲೂ ತಪ್ಪಲ್ಲ. ಅವೆರಡರ ನಡುವೆ ನ್ಯಾಯ ಹೇಳುವಷ್ಟು ಸೂಕ್ಷ್ಮ ಆ ಗೇಜ್‌ಗೂ ಥರ್ಮಾಮೀಟರ್‌ಗೂ ಇಲ್ಲ.

(ಏಸಿ ರಿಪೇರಿಯವರ ಗೇಜ್‌ನ ಡಯಲ್ ಮೇಲೆ ಒಂದೊಂದು ಗ್ಯಾಸ್‌ಗೂ ಉಷ್ಣತೆಯ ಅಂಕಿಗಳಿರುತ್ತವೆ, ನೋಡಿರಬಹುದು. ಅವೂ ಸಮುದ್ರಮಟ್ಟಕ್ಕೆ ಬರೆದವು. ಬೆಂಗಳೂರಲ್ಲಿ ಅದರ ಪ್ರಕಾರ ಓದಿದರೆ ಒಂದೂವರೆ ಪಿಎಸ್‌ಐ, ಅಂದರೆ ಅರ್ಧ ಡಿಗ್ರಿ ವ್ಯತ್ಯಾಸ ಬರುತ್ತದೆ. ಕಾರಿನ ಏಸಿಗೆ ಗ್ಯಾಸ್ ತುಂಬಿಸುವಾಗ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ.)

ಹಾಗಾದರೆ 6.654 ಎಲ್ಲಿಂದ ಬಂತು? 25 ಡಿಗ್ರಿಯಲ್ಲಿ ಯಾರೋ ಒಬ್ಬರು ಒಳ್ಳೆಯ ಗೇಜ್ ಇಟ್ಟು ಓದಿ ಬರೆದ ಅಂಕಿ ಅದಲ್ಲ. ಟೇಬಲ್‌ನ ಎಲ್ಲ ಸಾಲುಗಳೂ ಒಂದೇ ಒಂದು ಸಮೀಕರಣದಿಂದ ಬಂದಿವೆ. ಆ ಸಮೀಕರಣವನ್ನು ಹಲವು ದೇಶಗಳ ಲ್ಯಾಬ್‌ಗಳು ಮಾಡಿದ ಅಳತೆಗಳಿಗೆ ಹೊಂದಿಸಿ ಕಟ್ಟಿದ್ದಾರೆ. ಅವರು ನಿಜಕ್ಕೂ ಅಳೆದದ್ದು ನಾಲ್ಕೈದು ವಿಷಯ ಮಾತ್ರ: ಉಷ್ಣತೆ, ಒತ್ತಡ, ಸಾಂದ್ರತೆ, ಆವಿಯಲ್ಲಿ ಸದ್ದಿನ ವೇಗ, ಮತ್ತು ಬಿಸಿ ಮಾಡಲು ಬೇಕಾದ ಶಕ್ತಿ. ಎಂಥಾಲ್ಪಿ, ಎಂಟ್ರೊಪಿ ಎಲ್ಲ ಅವುಗಳಿಂದ ಲೆಕ್ಕ ಹಾಕಿ ತೆಗೆದವು. ನಿಮ್ಮ ಎರಡನೇ ಪ್ರಶ್ನೆಗೆ ಚಿಕ್ಕ ಉತ್ತರ ಇಷ್ಟೇ. ಆದರೆ ಸ್ವಾರಸ್ಯ ಇರುವುದು ದೊಡ್ಡ ಉತ್ತರದಲ್ಲಿ.

ಸ್ವಲ್ಪ ಹಿನ್ನೆಲೆ. 1930ರಲ್ಲಿ ಥಾಮಸ್ ಮಿಜ್ಲಿ ತಂಡ ಆರ್-12 ಅನ್ನು ಲೋಕದ ಮುಂದಿಟ್ಟಿತು. ಹತ್ತಿ ಉರಿಯದ, ವಿಷವಲ್ಲದ ಗ್ಯಾಸ್ ಅಂತ ಫ್ರಿಜ್‌ಗಳೆಲ್ಲ ಅದಕ್ಕೆ ತಿರುಗಿದವು. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಅದರ ಕ್ಲೋರಿನ್ ಓಜೋನ್ ಪದರವನ್ನು ತಿನ್ನುತ್ತದೆ ಎಂದರು. 1987ರಲ್ಲಿ ಅಂಥ ಗ್ಯಾಸ್‌ಗಳನ್ನು ಕಡಿಮೆ ಮಾಡಲು ಮಾಂಟ್ರಿಯಲ್ ಒಪ್ಪಂದ ಆಯಿತು. ಕ್ಲೋರಿನ್ ಇಲ್ಲದ ಬದಲಿಯಾಗಿ ಆರ್-134ಎ ಬಂತು. ಈಗ ಯೋಚಿಸಿ. ಕಂಪ್ರೆಸರ್ ಎಷ್ಟು ದೊಡ್ಡದಿರಬೇಕು, ಕಂಡೆನ್ಸರ್ ಎಷ್ಟು ಉದ್ದ ಬೇಕು ಅನ್ನುವುದೆಲ್ಲ ಗ್ಯಾಸ್‌ನ ಗುಣದ ಮೇಲೆ ನಿಂತಿದೆ. ಆರ್-12ಕ್ಕೆ ಅರ್ಧ ಶತಮಾನದ ಅಳತೆಗಳಿದ್ದವು. ಹೊಸ ಗ್ಯಾಸ್‌ಗೆ ಅವನ್ನು ಕೆಲವೇ ವರ್ಷಗಳಲ್ಲಿ ಮಾಡಿ ಮುಗಿಸಬೇಕಾಯಿತು. ಅಮೆರಿಕದ ರಾಷ್ಟ್ರೀಯ ಅಳತೆ ಸಂಸ್ಥೆಯಾದ ನಿಸ್ಟ್, ಜಪಾನಿನ ಕೇಯೊ ವಿಶ್ವವಿದ್ಯಾಲಯ, ಜರ್ಮನಿಯ ಹ್ಯಾನೋವರ್ ಹೀಗೆ ಹಲವು ಕಡೆ ಕೆಲಸ ಶುರುವಾಯಿತು.

ಈ ಕೆಲಸದಲ್ಲಿ ಅತಿ ಕಷ್ಟದ ಭಾಗ ಒತ್ತಡ ಓದುವುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲ ಕಷ್ಟ ಮಾದರಿಯದು. ಸಿಲಿಂಡರ್ ಮೇಲೆ ಏನೇ ಬರೆದಿರಲಿ, ಒಳಗೆ ಚೂರು ಗಾಳಿ, ಚೂರು ನೀರು ಇದ್ದೇ ಇರುತ್ತದೆ. ಆರ್-134 ಎಂಬ ಸಮಾಂಗಿಯೂ ಇರಬಹುದು. ಅದರಲ್ಲೂ ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿ ನೋಡಿ ಶುದ್ಧತೆ ಗೊತ್ತುಮಾಡಿಕೊಳ್ಳುತ್ತಾರೆ. ಗಾಳಿ ತೆಗೆಯುವುದಕ್ಕೆ ಬೇರೆಯೇ ಉಪಾಯ. ಪಾತ್ರೆಯನ್ನು ದ್ರವ ನೈಟ್ರೊಜನ್‌ನಲ್ಲಿ ಮುಳುಗಿಸುತ್ತಾರೆ. ಅಲ್ಲಿ ಮೈನಸ್ 196 ಡಿಗ್ರಿ. ಆರ್-134ಎ ಮೈನಸ್ 103ರಲ್ಲೇ ಗಟ್ಟಿಯಾಗುತ್ತದೆ. ಗಾಳಿಯ ಬಹುಪಾಲು ಆವಿಯಾಗಿಯೇ ಮೇಲೆ ಉಳಿಯುತ್ತದೆ. ಪಂಪ್ ಹಾಕಿ ಅದನ್ನು ಎಳೆದುಬಿಡುತ್ತಾರೆ. ಆಮೇಲೆ ಕರಗಿಸುತ್ತಾರೆ. ಗಟ್ಟಿಯೊಳಗೆ ಸಿಕ್ಕಿಹಾಕಿಕೊಂಡಿದ್ದ ಗಾಳಿ ಹೊರಬರುತ್ತದೆ. ಮತ್ತೆ ಹೆಪ್ಪುಗಟ್ಟಿಸಿ ಮತ್ತೆ ಎಳೆಯುತ್ತಾರೆ. ಪಂಪ್‌ಗೆ ಇನ್ನೇನೂ ಸಿಗದವರೆಗೆ ಇದೇ ಕೆಲಸ.

ಗಾಳಿ ಪೂರ್ತಿ ಹೋಯಿತು ಅಂತ ಗೊತ್ತಾಗುವುದು ಹೇಗೆ? ಇದಕ್ಕೊಂದು ಸೊಗಸಾದ ಪರೀಕ್ಷೆ ಇದೆ. ಶುದ್ಧ ವಸ್ತುವಿನಲ್ಲಿ ದ್ರವ, ಆವಿ ಎರಡೂ ಒಟ್ಟಿಗಿದ್ದರೆ ಒತ್ತಡವನ್ನು ಉಷ್ಣತೆ ಒಂದೇ ತೀರ್ಮಾನಿಸುತ್ತದೆ. ಪಾತ್ರೆಯಲ್ಲಿ ದ್ರವ ಮುಕ್ಕಾಲು ಇರಲಿ, ಕಾಲುಭಾಗ ಇರಲಿ, ಒತ್ತಡ ಅದೇ. ಆದರೆ ಗಾಳಿ ಇದ್ದರೆ ಹಾಗಾಗುವುದಿಲ್ಲ. ಆವಿಯ ಜಾಗ ಕುಗ್ಗಿಸಿದರೆ ಗಾಳಿಯೂ ಒತ್ತಿಕೊಳ್ಳುತ್ತದೆ, ಅದರ ಪಾಲಿನ ಒತ್ತಡ ಏರುತ್ತದೆ. ಆದ್ದರಿಂದ ಒಂದೇ ಉಷ್ಣತೆಯಲ್ಲಿ, ಬೇರೆಬೇರೆ ಮಟ್ಟಕ್ಕೆ ತುಂಬಿ ಒತ್ತಡ ನೋಡುತ್ತಾರೆ. ಅಂಕಿ ಅಲ್ಲಾಡಿದರೆ ಮಾದರಿ ಶುದ್ಧವಿಲ್ಲ.

ಎರಡನೇ ಕಷ್ಟ ಉಷ್ಣತೆ. ಡಿಗ್ರಿಗೆ 0.2 ಬಾರ್ ಅಂದೆವಲ್ಲ, ಅದನ್ನು ತಿರುಗಿಸಿ ನೋಡಿ. ಇಂದಿನ ಪ್ರಮಾಣಿತ ಸಮೀಕರಣದಲ್ಲಿ ಆವಿ ಒತ್ತಡದ (ದ್ರವ, ಆವಿ ಒಟ್ಟಿಗಿರುವಾಗಿನ ಒತ್ತಡದ) ಅನಿಶ್ಚಿತತೆ ಸುಮಾರು ಶೇ. 0.02. 6.654ರಲ್ಲಿ ಅದು 0.0013 ಬಾರ್. ಅಂದರೆ ನಾಲ್ಕನೇ ಅಂಕಿ ಒಂದು ಆಚೀಚೆ ಆದೀತು, ಅಷ್ಟೇ. ಟೇಬಲ್‌ನವರು ಸುಮ್ನೆ ಅಂಕಿ ಉದ್ದ ಮಾಡಿಲ್ಲ. ಆದರೆ 0.0013 ಬಾರ್‌ಗೆ ಸಮನಾದ ಉಷ್ಣತೆ ಎಷ್ಟು? ಡಿಗ್ರಿಯ ಸಾವಿರದಲ್ಲಿ ಆರೇಳು ಪಾಲು. ಉಷ್ಣತೆಯನ್ನು ಅದಕ್ಕಿಂತ ಚೆನ್ನಾಗಿ ಹಿಡಿಯದಿದ್ದರೆ ಎಷ್ಟು ದುಬಾರಿ ಪ್ರೆಷರ್ ಉಪಕರಣ ತಂದರೂ ಪ್ರಯೋಜನವಿಲ್ಲ. ಅದಕ್ಕಾಗಿ ಪ್ಲಾಟಿನಂ ತಂತಿಯ ವಿದ್ಯುತ್ ರೋಧ ಅಳೆಯುವ ಥರ್ಮಾಮೀಟರ್ ಬಳಸುತ್ತಾರೆ. ಅದನ್ನು ನೀರಿನ ತ್ರಿಬಿಂದುವಿನಲ್ಲಿ, ಅಂದರೆ ಐಸ್, ನೀರು, ಆವಿ ಮೂರೂ ಒಟ್ಟಿಗಿರುವ 0.01 ಡಿಗ್ರಿಯಲ್ಲಿ, ಗ್ಯಾಲಿಯಂ ಕರಗುವ 29.7646 ಡಿಗ್ರಿಯಲ್ಲಿ, ಪಾದರಸದ ತ್ರಿಬಿಂದುವಾದ ಮೈನಸ್ 38.8344 ಡಿಗ್ರಿಯಲ್ಲಿ ಹೀಗೆ ಪ್ರಕೃತಿಯೇ ಕೊಟ್ಟ ಗುರುತುಗಳಲ್ಲಿ ಇಟ್ಟು ಸರಿನೋಡುತ್ತಾರೆ. ಮಾದರಿಯ ಪಾತ್ರೆ ಸದಾ ಕಲಕುತ್ತಿರುವ ದ್ರವದ ತೊಟ್ಟಿಯೊಳಗೆ ಮುಳುಗಿರುತ್ತದೆ. ಗಂಟೆಗಟ್ಟಲೆ ಕಾಯಬೇಕು. ಈ ಕೆಲಸದಲ್ಲಿ ಸಮಯ ಬಹುಪಾಲು ಹೋಗುವುದು ಕಾಯುವುದರಲ್ಲೇ.

ಒತ್ತಡಕ್ಕೆ ಬರೋಣ. ಇಲ್ಲಿ ಮೂಲ ಪ್ರಮಾಣವೆಂದರೆ ಪಿಸ್ಟನ್ ಗೇಜ್. ವಿಸ್ತೀರ್ಣ ಗೊತ್ತಿರುವ ಪಿಸ್ಟನ್ ಮೇಲೆ ತೂಕದ ಬಿಲ್ಲೆಗಳನ್ನಿಟ್ಟು, ಅದು ತೇಲುವಂತೆ ಕೆಳಗಿನಿಂದ ಒತ್ತಡ ಕೊಡುತ್ತಾರೆ. ತೂಕವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ತೂಕ ಅಂದಮೇಲೆ ಅಲ್ಲಿ ಭೂಮಿಯ ಸೆಳೆತ ಬಂತು. ಪುಸ್ತಕದ 9.80665 ಇಟ್ಟರೆ ಬೆಂಗಳೂರಿನಲ್ಲಿ ಕೆಲಸ ಕೆಟ್ಟಿತು. ಇಲ್ಲಿನ ಬೆಲೆ 9.780ರ ಹತ್ತಿರ. ವ್ಯತ್ಯಾಸ ಶೇ. 0.27. ನಿಮ್ಮ 6.654 ಬಾರ್‌ನಲ್ಲಿ ಅದು 0.018 ಬಾರ್, ಅಂದರೆ ನಾವು ಬೇಡುತ್ತಿರುವ ನಿಖರತೆಗಿಂತ ಹತ್ತು ಪಟ್ಟಿಗೂ ಜಾಸ್ತಿ ತಪ್ಪು. ಊರಿನ ಎತ್ತರ ಎರಡನೇ ಸಲ ತಲೆಹಾಕಿತು ನೋಡಿ. ಸಮಭಾಜಕ ವೃತ್ತಕ್ಕೆ ನಾವು ಹತ್ತಿರ ಇರುವುದೂ ಇದರಲ್ಲಿ ಸೇರಿದೆ, ದೊಡ್ಡ ಪಾಲು ಅದರದ್ದೇ.

ಪಿಸ್ಟನ್‌ಗೆ ಆರ್-134ಎಯನ್ನೇ ನೇರ ಬಿಡುವುದಿಲ್ಲ. ನಡುವೆ ತೆಳ್ಳನೆಯ ಲೋಹದ ಪೊರೆ ಇರುತ್ತದೆ. ಒಂದು ಕಡೆ ಮಾದರಿ, ಇನ್ನೊಂದು ಕಡೆ ನೈಟ್ರೊಜನ್. ಪೊರೆ ಯಾವ ಕಡೆಗೂ ಬಾಗದಂತೆ ನೈಟ್ರೊಜನ್ ಒತ್ತಡ ಸರಿಮಾಡಿ, ಆ ನೈಟ್ರೊಜನ್‌ನ ಒತ್ತಡವನ್ನು ಅಳೆಯುತ್ತಾರೆ.

ಈಗ ಸಾಂದ್ರತೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಉಪಾಯ ಇಲ್ಲಿದೆ. 1936ರಲ್ಲಿ ಅಮೆರಿಕದ ಗಣಿ ಇಲಾಖೆಯಲ್ಲಿದ್ದ ಬರ್ನೆಟ್ ಹೇಳಿದ್ದು. ಗ್ಯಾಸ್‌ನ ತೂಕ ನೋಡಬೇಡಿ, ಪಾತ್ರೆಯ ಗಾತ್ರವನ್ನೂ ಅಳೆಯಬೇಡಿ. ಎರಡು ಪಾತ್ರೆ, ನಡುವೆ ಒಂದು ವಾಲ್ವ್, ಎರಡೂ ಒಂದೇ ಉಷ್ಣತೆಯಲ್ಲಿ. ಮೊದಲನೆಯದರಲ್ಲಿ ಗ್ಯಾಸ್ ತುಂಬಿ ಒತ್ತಡ ಓದಿ. ಎರಡನೆಯದು ಖಾಲಿ. ವಾಲ್ವ್ ತೆಗೆದು ಗ್ಯಾಸ್ ಹರಡಲು ಬಿಡಿ, ಒತ್ತಡ ಓದಿ. ವಾಲ್ವ್ ಮುಚ್ಚಿ, ಎರಡನೆಯದನ್ನು ಖಾಲಿ ಮಾಡಿ, ಮತ್ತೆ ಹರಡಿಸಿ. ಒತ್ತಡ ತೀರಾ ಇಳಿಯುವವರೆಗೂ ಹೀಗೆ ಮಾಡುತ್ತಾ ಹೋಗಿ. ಗ್ಯಾಸ್ ಆದರ್ಶ ಅನಿಲವಾಗಿದ್ದರೆ, ಅಂದರೆ ಅಣುಗಳ ನಡುವೆ ಸೆಳೆತವೇ ಇಲ್ಲದಿದ್ದರೆ, ಪ್ರತಿ ಸಲದ ಒತ್ತಡದ ಅನುಪಾತ ಒಂದೇ ಇರುತ್ತಿತ್ತು, ಅದು ಪಾತ್ರೆಗಳ ಗಾತ್ರದ ಅನುಪಾತ. ನಿಜವಾದ ಗ್ಯಾಸ್‌ನಲ್ಲಿ ಅನುಪಾತ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಒತ್ತಡ ಸೊನ್ನೆಯ ಕಡೆಗೆ ಹೋದಂತೆ ಗಾತ್ರದ ಅನುಪಾತಕ್ಕೆ ಬಂದು ಸೇರುತ್ತದೆ. ಆ ಬದಲಾವಣೆಯಲ್ಲೇ ಗ್ಯಾಸ್ ಆದರ್ಶದಿಂದ ಎಷ್ಟು ದೂರ ಅನ್ನುವುದು ಬರೆದಿರುತ್ತದೆ. ಓದಿದ್ದು ಒತ್ತಡ ಮಾತ್ರ, ಸಿಕ್ಕಿದ್ದು ಸಾಂದ್ರತೆ!

ಆ ದೂರ ಸಣ್ಣದೇನಲ್ಲ. 25 ಡಿಗ್ರಿ, 6.654 ಬಾರ್‌ನಲ್ಲಿ ಆದರ್ಶ ಅನಿಲದ ಸೂತ್ರ ಹಾಕಿದರೆ ಒಂದು ಕೆಜಿ ಆವಿಗೆ 0.0365 ಘನ ಮೀಟರ್ ಬರುತ್ತದೆ. ಟೇಬಲ್‌ನಲ್ಲಿ 0.0309. ಶೇ. 15ರಷ್ಟು ಕಡಿಮೆ. ಆರ್-134ಎ ಅಣುವಿನ ಒಂದು ತುದಿಯಲ್ಲಿ ಫ್ಲೋರಿನ್ ಗುಂಪಾಗಿ ಕೂತಿದೆ. ಹಾಗಾಗಿ ಅಣುವಿನಲ್ಲಿ ವಿದ್ಯುತ್ತಿನ ಹಂಚಿಕೆ ಸಮವಿಲ್ಲ. ಒಂದು ಅಣು ಇನ್ನೊಂದನ್ನು ಜೋರಾಗಿ ಎಳೆಯುತ್ತದೆ.

ಬರ್ನೆಟ್ ವಿಧಾನಕ್ಕೆ ರೆಫ್ರಿಜರೆಂಟ್‌ಗಳು ಒಂದು ಕಾಟ ಕೊಡುತ್ತವೆ. ದ್ರವವಾಗುವ ಒತ್ತಡಕ್ಕೆ ಹತ್ತಿರ ಬಂದಾಗ ಅಣುಗಳು ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತವೆ. ವಾಲ್ವ್‌ನ ರಬ್ಬರ್ ಸೀಲ್ ಇದ್ದರೆ ಅದರೊಳಗೂ ಸೇರಿಕೊಳ್ಳುತ್ತವೆ. ಒತ್ತಡ ಇಳಿದಾಗ ನಿಧಾನವಾಗಿ ಹೊರಬರುತ್ತವೆ. ಲೆಕ್ಕದಲ್ಲಿಲ್ಲದ ಗ್ಯಾಸ್ ಅದು. ಜರ್ಮನಿಯ ಬೋಕಮ್‌ನಲ್ಲಿ ಕ್ಲೈನ್‌ರಾಮ್ ಮತ್ತು ವಾಗ್ನರ್ 1980ರ ದಶಕದಲ್ಲಿ ಕಟ್ಟಿದ ಎರಡು ಗುಂಡಿನ ಸಾಂದ್ರತಾಮಾಪಕ ಇದಕ್ಕೆ ಮದ್ದು. ಆರ್ಕಿಮಿಡೀಸ್ ತತ್ವವೇ, ಆದರೆ ಎರಡು ಸಲ. ನಿಸ್ಟ್‌ನಲ್ಲಿ ಆಮೇಲೆ ಕಟ್ಟಿದ ಅಂಥದೇ ಉಪಕರಣದಲ್ಲಿ ಒಂದು ಟ್ಯಾಂಟಲಮ್ ಗುಂಡು, ಒಂದು ಟೈಟೇನಿಯಂ ಗುಂಡು, ಎರಡೂ 60 ಗ್ರಾಂ. ತೂಕ ಒಂದೇ, ಗಾತ್ರ ಬೇರೆ. ಗ್ಯಾಸ್‌ನೊಳಗೆ ಎರಡನ್ನೂ ತೂಗಿದರೆ ದೊಡ್ಡ ಗುಂಡು ಹಗುರಾಗಿ ಕಾಣುತ್ತದೆ. ಮೇಲ್ಮೈ ಎರಡಕ್ಕೂ ಸಮ ಇರುವಂತೆ ಮಾಡಿದರೆ ಅಂಟಿಕೊಂಡ ಗ್ಯಾಸ್‌ನ ತೂಕ ಕಳೆಯುವಾಗ ಹೋಗಿಬಿಡುತ್ತದೆ. ನಿಮ್ಮ ಸಿಲಿಂಡರ್‌ನ ಮೇಲ್ಭಾಗದಲ್ಲಿರುವಂಥ ಆವಿಯಲ್ಲಿ, ಅಂದರೆ ಘನ ಮೀಟರ್‌ಗೆ 32 ಕೆಜಿ ಇರುವಾಗ, ಆ ಎರಡು ಗುಂಡುಗಳ ತೂಕದ ವ್ಯತ್ಯಾಸ ಸುಮಾರು 0.3 ಗ್ರಾಂ. ಒಳ್ಳೆಯ ತಕ್ಕಡಿ ಅದರ ಹತ್ತು ಸಾವಿರದಲ್ಲಿ ಒಂದು ಪಾಲನ್ನೂ ಸುಲಭವಾಗಿ ಹೇಳುತ್ತದೆ. ತಕ್ಕಡಿ ಹೊರಗೆ, ಕೋಣೆಯ ಗಾಳಿಯಲ್ಲಿ. ಗುಂಡು ಒಳಗೆ, ಒತ್ತಡದಲ್ಲಿ. ನಡುವೆ ದಾರ ಇಲ್ಲ. ಪಾತ್ರೆಯ ಗೋಡೆಯಾಚೆಯಿಂದ ಅಯಸ್ಕಾಂತ ಎತ್ತಿ ಹಿಡಿದಿರುತ್ತದೆ.

ಸದ್ದಿನ ವೇಗ ಯಾಕೆ ಬೇಕು ಅಂತ ಕೇಳಬಹುದು. ಆವಿಯ ಉಷ್ಣ ಸಾಮರ್ಥ್ಯ ಅಳೆಯುವುದು ಬಹಳ ಕಷ್ಟ. ಲೋಹದ ಪಾತ್ರೆಯೊಳಗೆ ಚೂರು ಆವಿ ಇಟ್ಟು ಬಿಸಿ ಮಾಡಿದರೆ ಬಿಸಿಯನ್ನೆಲ್ಲ ಪಾತ್ರೆಯೇ ನುಂಗುತ್ತದೆ. ಆದರೆ ಸದ್ದಿನ ವೇಗ ಉಷ್ಣ ಸಾಮರ್ಥ್ಯವನ್ನು ಅವಲಂಬಿಸಿದೆ. ಲೋಹದ ಗೋಳದೊಳಗೆ ಗ್ಯಾಸ್ ತುಂಬಿ, ಸ್ಪೀಕರ್‌ನಿಂದ ಸ್ವರ ಕೊಟ್ಟು, ಯಾವ ಸ್ವರಕ್ಕೆ ಗೋಳ ಅನುರಣಿಸುತ್ತದೆ ಅಂತ ನೋಡಿದರೆ ವೇಗ ಸಿಗುತ್ತದೆ. ಆವರ್ತನವನ್ನು ಅಳೆಯುವಷ್ಟು ಚೆನ್ನಾಗಿ ನಾವು ಇನ್ನೇನನ್ನೂ ಅಳೆಯಲಾರೆವು. ಗೋಳದ ಅಳತೆಯನ್ನೂ ಮೊದಲು ಆರ್ಗಾನ್ ತುಂಬಿ ಸದ್ದಿನಿಂದಲೇ ತೆಗೆಯುತ್ತಾರೆ. ನಿಸ್ಟ್‌ನ ಗುಡ್‌ವಿನ್ ಮತ್ತು ಮೋಲ್ಡೋವರ್ 1990ರಲ್ಲಿ ಆರ್-134ಎಗೆ ಇದನ್ನು ಮಾಡಿದರು. ಕೋಣೆಯ ಉಷ್ಣತೆಯಲ್ಲಿ, ಕಡಿಮೆ ಒತ್ತಡದಲ್ಲಿ, ಈ ಆವಿಯೊಳಗೆ ಸದ್ದಿನ ವೇಗ ಸೆಕೆಂಡಿಗೆ 160 ಮೀಟರ್ ಆಸುಪಾಸು. ಗಾಳಿಯಲ್ಲಿ 346. ದ್ರವದ ಉಷ್ಣ ಸಾಮರ್ಥ್ಯವನ್ನು ಮಾತ್ರ ಕ್ಯಾಲೊರಿಮೀಟರ್‌ನಲ್ಲೇ ನೋಡುತ್ತಾರೆ. ಗೊತ್ತಿರುವಷ್ಟು ವಿದ್ಯುತ್ ಕೊಟ್ಟು ಎಷ್ಟು ಬಿಸಿಯಾಯಿತು ಅಂತ ನೋಡಿ, ಖಾಲಿ ಪಾತ್ರೆಯ ಪಾಲು ಕಳೆಯುತ್ತಾರೆ.

ಇಷ್ಟು ಅಳತೆಗಳು ಕೈಗೆ ಬಂದಮೇಲೆ ಎಂಥಾಲ್ಪಿಗೆ ಬರೋಣ. ಥರ್ಮೊಡೈನಮಿಕ್ಸ್‌ನಲ್ಲಿ ಈ ಗುಣಗಳು ಬಿಡಿಬಿಡಿಯಾಗಿ ನಿಂತಿಲ್ಲ, ಒಂದಕ್ಕೊಂದು ಕಟ್ಟಿಕೊಂಡಿವೆ. ಇದನ್ನು ನೀವೇ ಕೈಯಾರೆ ನೋಡಬಹುದು. ಕ್ಲಾಪೆರಾನ್ ಸಮೀಕರಣ ನೆನಪಿದೆ ಅಲ್ವಾ? ಗುಪ್ತೋಷ್ಣ (ದ್ರವವನ್ನು ಅದೇ ಉಷ್ಣತೆಯ ಆವಿ ಮಾಡಲು ಬೇಕಾದ ಶಕ್ತಿ) ಅಂದರೆ ಕೆಲ್ವಿನ್ ಉಷ್ಣತೆ, ಆವಿ ಮತ್ತು ದ್ರವದ ಗಾತ್ರದ ವ್ಯತ್ಯಾಸ, ಮತ್ತು ಡಿಗ್ರಿಗೆ ಒತ್ತಡ ಏರುವ ದರ ಇವುಗಳ ಗುಣಲಬ್ಧ. ಉಷ್ಣತೆ 298.15. ಆವಿಯ ಗಾತ್ರ 0.03091, ದ್ರವದ್ದು 0.00083, ವ್ಯತ್ಯಾಸ 0.03008 ಘನ ಮೀಟರ್. ಒತ್ತಡದ ಏರಿಕೆ, 20 ಮತ್ತು 30 ಡಿಗ್ರಿ ಸಾಲುಗಳಿಂದ, ಡಿಗ್ರಿಗೆ 0.1985 ಬಾರ್, ಅಂದರೆ 19.85 ಕಿಲೋಪ್ಯಾಸ್ಕಲ್. ಗುಣಿಸಿ. ಕೆಜಿಗೆ 178 ಕಿಲೋಜೂಲ್ ಬರುತ್ತದೆ. ಟೇಬಲ್‌ನಲ್ಲಿ ಗುಪ್ತೋಷ್ಣ 177.8. ಒಂದು ಹನಿ ದ್ರವವನ್ನೂ ಕುದಿಸಲಿಲ್ಲ, ಹೀಟರ್ ಮುಟ್ಟಲಿಲ್ಲ. ಥರ್ಮಾಮೀಟರ್, ಪ್ರೆಷರ್, ಸಾಂದ್ರತೆ ಮೂರರಿಂದ ಎಂಥಾಲ್ಪಿಯ ವ್ಯತ್ಯಾಸ ಬಂದುಬಿಟ್ಟಿತು.

ಈ ಕಟ್ಟು ಎರಡು ಕಡೆಗೂ ಕೆಲಸ ಮಾಡುತ್ತದೆ. ಯಾರೋ ಕ್ಯಾಲೊರಿಮೀಟರ್‌ನಲ್ಲಿ ಗುಪ್ತೋಷ್ಣ ಅಳೆದು 185 ಅಂದರೆ, ಅವರ ಅಳತೆ ತಪ್ಪೋ ಅಥವಾ ಸಾಂದ್ರತೆಯವರದು ತಪ್ಪೋ, ಒಂದಂತೂ ತಪ್ಪು. ಸಮೀಕರಣ ಕಟ್ಟುವವರು ಮಾಡುವುದು ಇದನ್ನೇ ದೊಡ್ಡ ಪ್ರಮಾಣದಲ್ಲಿ. ಹೆಲ್ಮ್‌ಹೋಲ್ಟ್ಸ್ ಶಕ್ತಿ ಎಂಬ ಒಂದು ಗುಣವನ್ನು ಉಷ್ಣತೆ ಮತ್ತು ಸಾಂದ್ರತೆಯ ಫಲನವಾಗಿ ಬರೆಯುತ್ತಾರೆ. ಅದನ್ನು ಒಂದು ಕಡೆಗೆ ಅವಕಲಿಸಿದರೆ ಒತ್ತಡ, ಇನ್ನೊಂದು ಕಡೆಗೆ ಎಂಟ್ರೊಪಿ, ಮತ್ತೆ ಅವಕಲಿಸಿದರೆ ಉಷ್ಣ ಸಾಮರ್ಥ್ಯ, ಸದ್ದಿನ ವೇಗ. ಒಂದೇ ಸೂತ್ರ ಎಲ್ಲ ಅಳತೆಗಳಿಗೂ ಒಮ್ಮೆಗೇ ಹೊಂದಬೇಕು. ಆರ್-134ಎಗೆ ಹ್ಯಾನೋವರ್‌ನ ಟಿಲ್ನರ್-ರೋಟ್ ಮತ್ತು ಬೇರ್ 1994ರಲ್ಲಿ ಪ್ರಕಟಿಸಿದ ಸಮೀಕರಣವೇ ಅಂತಾರಾಷ್ಟ್ರೀಯ ಪ್ರಮಾಣವಾಯಿತು. ಮೈನಸ್ 103ರಿಂದ 180 ಡಿಗ್ರಿ ಹತ್ತಿರದವರೆಗೆ, 700 ಬಾರ್ ಒತ್ತಡದವರೆಗೆ ನಡೆಯುತ್ತದೆ. ನಿಸ್ಟ್‌ನ ರೆಫ್‌ಪ್ರಾಪ್, ಉಚಿತವಾಗಿ ಸಿಗುವ ಕೂಲ್‌ಪ್ರಾಪ್ ಎರಡೂ ಸಾಫ್ಟ್‌ವೇರ್‌ಗಳೊಳಗೆ ಆರ್-134ಎ ಲೆಕ್ಕಕ್ಕೆ ಇದೇ ಕೂತಿದೆ. ಇದರಲ್ಲಿ ಸಾಂದ್ರತೆಯ ಅನಿಶ್ಚಿತತೆ ಶೇ. 0.05, ಉಷ್ಣ ಸಾಮರ್ಥ್ಯದ್ದು ಶೇ. 0.5ರಿಂದ 1. ಎಂಥಾಲ್ಪಿ ಕಾಲಂನಲ್ಲಿ ಎರಡು ದಶಮಾಂಶ ಇದೆ ಅಂತ ಆವಿ ಒತ್ತಡದಷ್ಟೇ ಅದನ್ನೂ ನಂಬಬೇಡಿ.

ಎಂಥಾಲ್ಪಿಯಲ್ಲಿ ಇನ್ನೊಂದು ಮಾತು, ಪರೀಕ್ಷೆಯಲ್ಲಿ ಹುಡುಗರು ಬೀಳುವ ಹಳ್ಳ ಇದು. ಅದರ ಸೊನ್ನೆ ಎಲ್ಲಿ ಅನ್ನುವುದು ಪ್ರಕೃತಿ ಹೇಳಿದ್ದಲ್ಲ, ನಾವು ಒಪ್ಪಿಕೊಂಡದ್ದು. ಕೆಲವು ಟೇಬಲ್‌ಗಳು 0 ಡಿಗ್ರಿಯ ದ್ರವಕ್ಕೆ 200 ಇಡುತ್ತವೆ. ಕೆಲವು ಮೈನಸ್ 40 ಡಿಗ್ರಿಯ ದ್ರವಕ್ಕೆ ಸೊನ್ನೆ ಇಡುತ್ತವೆ. 25 ಡಿಗ್ರಿಯ ದ್ರವಕ್ಕೆ ಒಂದರಲ್ಲಿ ಸುಮಾರು 234.6, ಇನ್ನೊಂದರಲ್ಲಿ 86.4. ಎರಡೂ ಸರಿ. ಒಂದರ ಅಂಕಿಯಿಂದ ಇನ್ನೊಂದರ ಅಂಕಿ ಕಳೆದರೆ ಮಾತ್ರ ಅನಾಹುತ.

ಲ್ಯಾಬ್‌ಗಳ ನಡುವೆ ಜಗಳ ಆಗಲಿಲ್ಲವೇ? ಆಯಿತು, ಆದರೆ ಬೇರೆ ಗುಣದಲ್ಲಿ. ಸ್ನಿಗ್ಧತೆ, ಅಂದರೆ ವಿಸ್ಕಾಸಿಟಿ, ಈ ಕಟ್ಟಿಗೆ ಸೇರಿದ್ದಲ್ಲ. ಅದನ್ನು ಬೇರೆ ಗುಣಗಳಿಂದ ಸರಿನೋಡಲು ಬರುವುದಿಲ್ಲ. 1990ರ ಆಸುಪಾಸಿನಲ್ಲಿ ಆರ್-134ಎ ಸ್ನಿಗ್ಧತೆಗೆ ಬೇರೆಬೇರೆ ಲ್ಯಾಬ್‌ಗಳು ಕೊಟ್ಟ ಅಂಕಿಗಳು, ಅವರವರೇ ಹೇಳಿಕೊಂಡ ಅನಿಶ್ಚಿತತೆಯನ್ನು ಮೀರಿ ದೂರದೂರ ಇದ್ದವು. ಕೊನೆಗೆ ಒಂದೇ ಮೂಲದ ಮಾದರಿಯನ್ನು ಹಲವು ಲ್ಯಾಬ್‌ಗಳಿಗೆ ಹಂಚಿ ಮತ್ತೆ ಅಳೆಸಬೇಕಾಯಿತು.

ಈಗ ನಿಮ್ಮ ಲ್ಯಾಬ್. ಸಾಂದ್ರತೆ, ಸದ್ದು ಎಲ್ಲ ಬಿಡಿ. ಆವಿ ಒತ್ತಡ ಮಾತ್ರ ಚೆನ್ನಾಗಿ ಮಾಡಬಹುದು, ಅದೂ ಈಗಿರುವ ಸಾಮಾನಿನಲ್ಲೇ. ಸಣ್ಣ ಸಿಲಿಂಡರ್ ಒಂದನ್ನು, ಮುಕ್ಕಾಲಕ್ಕಿಂತ ಕಡಿಮೆ ದ್ರವ ಇರುವಂಥದ್ದನ್ನು, ಬಕೆಟ್ ನೀರಲ್ಲಿ ಮುಳುಗಿಸಿ. ಥರ್ಮಾಮೀಟರ್ ನೀರಲ್ಲಿ, ಸಿಲಿಂಡರ್ ಮೈಗೆ ತಾಗುವಂತೆ ಇರಲಿ. ಮೊದಲು ಪುಡಿಮಾಡಿದ ಐಸ್ ಮತ್ತು ನೀರಲ್ಲಿ ಥರ್ಮಾಮೀಟರ್ ಸೊನ್ನೆ ತೋರಿಸುತ್ತದೆಯಾ ನೋಡಿಕೊಳ್ಳಿ. ಎಷ್ಟು ತಪ್ಪಿದೆಯೋ ಬರೆದಿಟ್ಟುಕೊಳ್ಳಿ. ಐಸ್‌ನಲ್ಲಿ, ಆಮೇಲೆ 10, 20, 30, 40 ಡಿಗ್ರಿ ನೀರಲ್ಲಿ ಒತ್ತಡ ಓದಿ. ನೀರನ್ನು ಕಲಕುತ್ತಲೇ ಇರಿ, ಮುಳ್ಳು ಪೂರ್ತಿ ನಿಂತ ಮೇಲೇ ಬರೆಯಿರಿ. ಗೇಜ್‌ಗೆ ಬೆಂಗಳೂರಿನ ಒತ್ತಡ ಕೂಡಿಸಿ. ಟೇಬಲ್‌ನಲ್ಲಿ ಈ ಐದು ಕಡೆ 2.928, 4.146, 5.717, 7.702, 10.166 ಬಾರ್ ಇದೆ. ಐಸ್‌ನಲ್ಲಿ ನಿಮ್ಮ ಗೇಜ್ 2.0 ಹತ್ತಿರ ನಿಲ್ಲಬೇಕು. ಐದೂ ಕಡೆ ಒಂದೇ ಅಳತೆಯಷ್ಟು ಜಾಸ್ತಿ ಬಂದರೆ ಗೇಜ್‌ನ ಸೊನ್ನೆ ಸರಿದಿದೆ ಅಂತ ಅನುಮಾನಿಸಿ. ಅದೇ ಐಸ್ ಉಷ್ಣತೆಯಲ್ಲಿ ಬೇರೆ ಮಟ್ಟಕ್ಕೆ ತುಂಬಿದ ಇನ್ನೊಂದು ಸಿಲಿಂಡರ್‌ಗೂ ಇದೇ ಗೇಜ್ ಹಾಕಿ ನೋಡಿ. ಒತ್ತಡ ಬೇರೆ ಬಂದರೆ ಎರಡರಲ್ಲೊಂದರೊಳಗೆ ಗಾಳಿ ಇದೆ.

ಆಮೇಲೆ ಗ್ರಾಫ್. ಒತ್ತಡದ ಲಾಗರಿದಮ್ ಒಂದು ಅಕ್ಷ, ಕೆಲ್ವಿನ್ ಉಷ್ಣತೆಯ ವಿಲೋಮ ಇನ್ನೊಂದು. ಹೆಚ್ಚುಕಮ್ಮಿ ನೇರ ಗೆರೆ ಬರುತ್ತದೆ. ಅದರ ಇಳಿಜಾರನ್ನು ಅನಿಲ ಸ್ಥಿರಾಂಕದಿಂದ ಗುಣಿಸಿ, ಅಣುತೂಕ 102.03 ಬಳಸಿ ಕೆಜಿಗೆ ತಂದರೆ ಸುಮಾರು 217 ಕಿಲೋಜೂಲ್ ಬರುತ್ತದೆ. ನಡುವಿನ 20 ಡಿಗ್ರಿಯಲ್ಲಿ ಟೇಬಲ್‌ನ ಗುಪ್ತೋಷ್ಣ 182. ಇದನ್ನು ನೋಡಿ ಪ್ರಯೋಗ ಕೆಟ್ಟಿತು ಅಂತ ರೆಕಾರ್ಡ್ ಬುಕ್‌ನಲ್ಲಿ ಅಂಕಿ ತಿದ್ದಬೇಡಿ. ಈ ಲೆಕ್ಕ ಆವಿಯನ್ನು ಆದರ್ಶ ಅನಿಲ ಅಂತಲೂ, ದ್ರವಕ್ಕೆ ಗಾತ್ರವೇ ಇಲ್ಲ ಅಂತಲೂ ಊಹಿಸುತ್ತದೆ. 20 ಡಿಗ್ರಿಯಲ್ಲಿ ಆ ಎರಡಕ್ಕೂ ಸೇರಿದ ತಿದ್ದುಪಡಿ 0.84. 217ಕ್ಕೆ ಅದನ್ನು ಗುಣಿಸಿ ನೋಡಿ.

ಸಿಲಿಂಡರ್‌ಗೆ ಬೆಂಕಿ ತೋರಿಸುವುದು ಬೇಡವೇ ಬೇಡ. 40 ಡಿಗ್ರಿ ದಾಟಿಸುವುದೂ ಬೇಡ. ಒಳಗಿನ ದ್ರವ ಹಿಗ್ಗಿ ಆವಿಯ ಜಾಗವೇ ಇಲ್ಲದಂತಾದರೆ ಒತ್ತಡ ಏರುವ ದರ ಡಿಗ್ರಿಗೆ 0.2 ಬಾರ್‌ನಲ್ಲಿ ನಿಲ್ಲುವುದಿಲ್ಲ, ಸಿಲಿಂಡರ್ ಒಡೆಯಬಹುದು. ಗ್ಯಾಸ್ ಹೊರಗೆ ಬಿಡಬೇಡಿ. ಆರ್-134ಎಯ ಒಂದು ಕೆಜಿ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 1300 ಕೆಜಿ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಸೇರಿತು. ಇಂಥ ಗ್ಯಾಸ್‌ಗಳ ಬಳಕೆ ನಮ್ಮಲ್ಲಿ 2032ರಿಂದ ಇಳಿಯಬೇಕು, 2047ರ ಹೊತ್ತಿಗೆ ಶೇ. 85ರಷ್ಟು ಕಮ್ಮಿಯಾಗಬೇಕು. ಹೊಸ ಕಾರುಗಳ ಏಸಿಯಲ್ಲಿ ಇದರ ಜಾಗಕ್ಕೆ ಬರುತ್ತಿರುವ ಆರ್-1234ವೈಎಫ್‌ಗೂ ಇದೇ ಅಳತೆಗಳನ್ನು ಮೊದಲಿನಿಂದ ಮಾಡಿ ಟೇಬಲ್ ಕಟ್ಟಿದ್ದಾರೆ. 25 ಡಿಗ್ರಿಯಲ್ಲಿ ಅದರ ಆವಿ ಒತ್ತಡ ಸುಮಾರು 6.8 ಬಾರ್. ನಿಮ್ಮ ಗೇಜ್‌ನಲ್ಲಿ ಅದನ್ನೂ ಆರ್-134ಎಯನ್ನೂ ಬೇರೆ ಮಾಡಿ ಹೇಳಲು ಆಗುವುದಿಲ್ಲ, ಸಿಲಿಂಡರ್ ಮೇಲಿನ ಹೆಸರು ಓದಿಕೊಂಡೇ ಪ್ರಯೋಗ ಶುರುಮಾಡಿ.